ಗಲ್ಲಾಪೆಟ್ಟಿಗೆಯೂ ಬೊಕ್ಕಸವೂ

ಈ ಮಾತು ನಿಮ್ಮ ಕಿವಿಗೂ ಬಿದ್ದಿರುತ್ತದೆ. ಕಾಲೇಜಿನ ಕ್ಯಾಂಟೀನಿನಲ್ಲಿ, ಹಳ್ಳಿಯ ಅರಳಿಕಟ್ಟೆಯಲ್ಲಿ, ಚುನಾವಣೆ ಹತ್ತಿರ ಬಂದಾಗ ಬಸ್ಸಿನ ಹಿಂದಿನ ಸೀಟಿನಲ್ಲಿ ಯಾರೋ ಒಬ್ಬರು ಗಟ್ಟಿಯಾಗಿ ಹೇಳುತ್ತಾರೆ: ‘ಒಂದು ಅಂಗಡಿ ನಡೆಸಿ ಗೊತ್ತಿಲ್ಲದವರು ರಾಜ್ಯ ಏನು ನಡೆಸುತ್ತಾರೆ? ನಾಲ್ಕು ಜನಕ್ಕೆ ಸಂಬಳ ಕೊಟ್ಟವನನ್ನು ಕಳಿಸಿ, ಆಮೇಲೆ ನೋಡಿ.’ ಸುತ್ತ ಕೂತವರು ತಲೆಯಾಡಿಸುತ್ತಾರೆ. ದುಡ್ಡಿನ ವಿಷಯ ದುಡ್ಡು ಮಾಡಿದವನಿಗಲ್ಲದೆ ಇನ್ಯಾರಿಗೆ ಗೊತ್ತಿರಲು ಸಾಧ್ಯ?

ಈ ಮಾತಿನಿಂದ ರಾಜಕಾರಣಿಗಳಿಗೆ ಆಗುವ ಹಾನಿ ಏನೂ ಇಲ್ಲ. ಹಾನಿ ಆಗುವುದು ನಿಮಗೆ. ಬಂಡವಾಳವಿಲ್ಲದ ನಿಮಗೆ, ಅಪ್ಪನ ಹೆಸರಿನಲ್ಲಿ ಕಾರ್ಖಾನೆಯಿಲ್ಲದ ನಿಮಗೆ, ಹಾಸ್ಟೆಲಿನ ಮೆಸ್ ಬಿಲ್ ಕಟ್ಟುವುದಕ್ಕೇ ತಿಂಗಳ ಕೊನೆಯಲ್ಲಿ ಪರದಾಡುವ ನಿಮಗೆ. ಬಜೆಟ್, ತೆರಿಗೆ, ಸಾಲ, ಬಡ್ಡಿ ಎಂಬ ಪದಗಳು ಕಿವಿಗೆ ಬಿದ್ದ ತಕ್ಷಣ ‘ಅದೆಲ್ಲ ನಮಗಲ್ಲ ಬಿಡಿ’ ಎಂದು ನೀವು ಎದ್ದು ಹೋಗುವ ಹಾಗೆ ಈ ಮಾತು ಮಾಡಿದೆ. ನೀವು ಎದ್ದು ಹೋದ ಕುರ್ಚಿ ಖಾಲಿ ಉಳಿಯುವುದಿಲ್ಲ. ಬೇರೆ ಯಾರೋ ಬಂದು ಕೂರುತ್ತಾರೆ.

ಹಾಗಾದರೆ ನಮ್ಮ ನೆಲದ ಹಳೆಯ ಲೆಕ್ಕವನ್ನೇ ಒಮ್ಮೆ ತೆರೆದು ನೋಡೋಣ.

1914ರಲ್ಲಿ ಯುರೋಪಿನಲ್ಲಿ ಯುದ್ಧ ಶುರುವಾಯಿತು. ಅಲ್ಲಿಯವರೆಗೆ ಮೈಸೂರು ಸಂಸ್ಥಾನದ ಶ್ರೀಗಂಧ ಕೊರಡಾಗಿಯೇ ಹರಾಜಾಗುತ್ತಿತ್ತು. ಅದು ಹಡಗು ಹತ್ತಿ ಜರ್ಮನಿ ಸೇರಿ, ಅಲ್ಲಿ ಎಣ್ಣೆಯಾಗಿ, ಎಣ್ಣೆಯ ಬೆಲೆ ಪಡೆಯುತ್ತಿತ್ತು. ಮರ ನಮ್ಮದು, ಲಾಭ ಅವರದು. ಯುದ್ಧ ಆ ದಾರಿಯನ್ನು ಮುಚ್ಚಿಬಿಟ್ಟಿತು. ಕೊಳ್ಳುವವರಿಲ್ಲದೆ ಕೊರಡುಗಳು ಉಳಿದವು, ಬೊಕ್ಕಸಕ್ಕೆ ಬರುವ ವರಮಾನಕ್ಕೆ ಪೆಟ್ಟು ಬಿತ್ತು. ಸಿಕ್ಕ ಬೆಲೆಗೆ ಮಾರಿ ಕೈತೊಳೆದುಕೊಳ್ಳಬಹುದಿತ್ತು. ಯುದ್ಧ ಮುಗಿಯಲಿ ಎಂದು ಕಾಯಬಹುದಿತ್ತು. ಸಂಸ್ಥಾನ ಎರಡನ್ನೂ ಮಾಡಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗಂಧದಿಂದ ಎಣ್ಣೆ ಇಳಿಸುವ ಪ್ರಯೋಗ ನಡೆಯಿತು. 1916ರಲ್ಲಿ ಸರ್ಕಾರವೇ ಎಣ್ಣೆ ತೆಗೆಯುವ ಕಾರ್ಖಾನೆ ತೆರೆಯಿತು. ಮುಂದೆ ಅದೇ ಎಣ್ಣೆ ಮೈಸೂರು ಸ್ಯಾಂಡಲ್ ಸೋಪಾಗಿ ನಮ್ಮೆಲ್ಲರ ಬಚ್ಚಲಮನೆಗೆ ಬಂತು.

ಆಗ ದಿವಾನರಾಗಿದ್ದವರು ಯಾರು? ವಿಶ್ವೇಶ್ವರಯ್ಯ. ಅವರು ಯಾವ ಅಂಗಡಿಯ ಗಲ್ಲಾದ ಮೇಲೆ ಕೂತಿದ್ದರು? ಯಾವುದರ ಮೇಲೂ ಇಲ್ಲ. 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಗೆ ಸೇರಿದ ಇಂಜಿನಿಯರು ಅವರು. ನೀರು, ಕಟ್ಟೆ, ತೂಬು, ಒಳಚರಂಡಿ ಇವೇ ಅವರ ಬದುಕು. ಆದರೆ 1912ರಲ್ಲಿ ದಿವಾನಗಿರಿ ವಹಿಸಿಕೊಳ್ಳುವ ಮೊದಲೇ, ಮುಖ್ಯ ಇಂಜಿನಿಯರಾಗಿದ್ದಾಗಲೇ, ನಾಲ್ವಡಿ ಕೃಷ್ಣರಾಜ ಒಡೆಯರ ಬೆಂಬಲದಲ್ಲಿ ಮೈಸೂರು ಆರ್ಥಿಕ ಸಮ್ಮೇಳನ ಹುಟ್ಟುವುದಕ್ಕೆ ಕಾರಣರಾದವರಲ್ಲಿ ಅವರೂ ಒಬ್ಬರು. ಅಧಿಕಾರಿ, ಬೇಸಾಯಗಾರ, ವರ್ತಕ, ಮೇಷ್ಟ್ರು ಒಂದೇ ಕಡೆ ಕೂತು ಈ ಸೀಮೆಯ ಜನ ಏನು ಬೆಳೆಯುತ್ತಾರೆ, ಏನು ಓದುತ್ತಾರೆ, ಯಾಕೆ ಬಡವರಾಗಿದ್ದಾರೆ ಎಂದು ವಿಚಾರಿಸಿದರು. 1913ರಲ್ಲಿ ಮೈಸೂರು ಬ್ಯಾಂಕ್ ಬಂತು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಬಂತು. ಅದೇ ವರ್ಷ ವರ್ತಕರಿಗೊಂದು ವಾಣಿಜ್ಯ ಮಂಡಳಿಯೂ ಬಂತು. ವ್ಯಾಪಾರ ಮಾಡದ ಮನುಷ್ಯ ವ್ಯಾಪಾರಿಗಳಿಗೆ ಸಂಘ ಕಟ್ಟಿಕೊಟ್ಟ!

ಎಲ್ಲವೂ ಗೆದ್ದವು ಎಂದು ನಾನು ಹೇಳುತ್ತಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಆರಂಭದ ವರ್ಷಗಳಲ್ಲಿ ನಷ್ಟದಲ್ಲೇ ನಡೆಯಿತು. ದಿವಾನಗಿರಿ ಬಿಟ್ಟಮೇಲೆ ವಿಶ್ವೇಶ್ವರಯ್ಯನವರೇ ಬಂದು ಅದರ ಹೊಣೆ ಹೊರಬೇಕಾಯಿತು. ಹೊತ್ತರು. ಅದು ಮುಖ್ಯ.

ಇನ್ನು ಮಂಡ್ಯಕ್ಕೆ ಬನ್ನಿ. ಕನ್ನಂಬಾಡಿ ಕಟ್ಟೆಯ ನೀರು ನಾಲೆಯಲ್ಲಿ ಹರಿದು ರಾಗಿ ಬೆಳೆಯುತ್ತಿದ್ದ ಒಣ ಹೊಲಗಳನ್ನು ಮುಟ್ಟಿದಾಗ, ಆ ನೀರಿನಿಂದ ಬೆಳೆದದ್ದನ್ನು ಕೊಳ್ಳುವವರು ಯಾರು ಎಂಬ ಪ್ರಶ್ನೆ ಎದ್ದಿತು. ಕಬ್ಬು ಬೆಳೆಯಬಹುದು, ಅರೆಯುವವರಿಲ್ಲದಿದ್ದರೆ ಕಬ್ಬು ಬರೀ ಸೌದೆ. 1933ರಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲದಲ್ಲಿ, ಸಂಸ್ಥಾನ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಎಬ್ಬಿಸಿತು. ಅದರ ಹಿಂದೆ ಹಗಲಿರುಳು ದುಡಿದವರು ಲೆಸ್ಲಿ ಕೋಲ್ಮನ್. ಕೆನಡಾದಿಂದ ಬಂದ ಕೀಟಶಾಸ್ತ್ರಜ್ಞ, ಕೃಷಿ ಇಲಾಖೆಯ ನಿರ್ದೇಶಕ. ಹುಳುಗಳನ್ನು ಓದಿದ ಮನುಷ್ಯನಿಗೆ ಸಕ್ಕರೆಯ ಮಾರುಕಟ್ಟೆ ಹೇಗೆ ಅರ್ಥವಾಯಿತು? ರೈತನ ಹೊಲಕ್ಕೆ ಹೋಗುತ್ತಿದ್ದರು, ನೋಡುತ್ತಿದ್ದರು, ಲೆಕ್ಕ ಹಾಕುತ್ತಿದ್ದರು. ಅದೇ ಕಾರ್ಖಾನೆ ಮುಂದೆ ಯಾರು ಯಾರದೋ ಕೈಯಲ್ಲಿ ನಷ್ಟಕ್ಕೆ ಬಿದ್ದು ಬಾಗಿಲು ಮುಚ್ಚಿಕೊಂಡದ್ದನ್ನೂ ನಾವು ಕಂಡಿದ್ದೇವೆ. ಕಟ್ಟುವುದಕ್ಕೆ ಬೇಕಾದ ಕಣ್ಣು ಕಾಯುವುದಕ್ಕೂ ಬೇಕು, ಆ ಮಾತು ಇನ್ನೊಮ್ಮೆ.

ಕರಾವಳಿಗೆ ಇಳಿದರೆ ಅಲ್ಲಿಯೂ ಇದೇ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕಿಗೆ ಬುನಾದಿ ಹಾಕಿದ ಅಮ್ಮೆಂಬಳ ಸುಬ್ಬರಾವ್ ಪೈ ವಕೀಲರು. 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕ್ ಕಟ್ಟಿದ ಮೂವರನ್ನು ನೋಡಿ: ಉಪೇಂದ್ರ ಪೈ ವ್ಯಾಪಾರಿ, ವಾಮನ ಕುಡ್ವ ಇಂಜಿನಿಯರು, ಟಿ.ಎಂ.ಎ. ಪೈ ವೈದ್ಯರು. 1928ರಲ್ಲಿ ಅವರ ಬ್ಯಾಂಕು ಪಿಗ್ಮಿ ಠೇವಣಿ ಶುರು ಮಾಡಿತು. ಏಜೆಂಟ್ ದಿನವೂ ಮನೆ ಬಾಗಿಲಿಗೆ ಬಂದು ಎರಡಾಣೆ ತೆಗೆದುಕೊಂಡು ಹೋಗುತ್ತಿದ್ದ. ಮೀನು ಮಾರುವವಳ ಸೆರಗಿನ ಗಂಟಿನಲ್ಲೂ, ನೇಕಾರನ ಮಗ್ಗದ ಪಕ್ಕದಲ್ಲೂ ಒಂದು ಬ್ಯಾಂಕಿಗಾಗುವಷ್ಟು ಹಣವಿದೆ, ಅದು ಚೂರು ಚೂರಾಗಿದೆ ಅಷ್ಟೆ ಎಂದು ಕಂಡುಕೊಳ್ಳುವುದಕ್ಕೆ ಲಾಭದ ಲೆಕ್ಕವೊಂದೇ ಸಾಲದು, ಬಡವರ ಮನೆಯೊಳಗಿನ ಸಂಕಟವೂ ತಿಳಿದಿರಬೇಕು. ಆ ಮೂವರಲ್ಲಿ ವ್ಯಾಪಾರಿ ಇದ್ದರು, ಆದರೆ ಅವರೊಬ್ಬರೇ ಇರಲಿಲ್ಲ.

ಅಷ್ಟು ಹೇಳಿದ ಮೇಲೆ ವ್ಯಾಪಾರದ ಅನುಭವಕ್ಕೆ ಸಲ್ಲಬೇಕಾದ ಮರ್ಯಾದೆಯನ್ನೂ ಸಲ್ಲಿಸೋಣ. ಸಂಬಳದ ದಿನ ಹತ್ತಿರ ಬಂದಾಗ ನಿದ್ದೆಗೆಟ್ಟವನಿಗೆ, ಲೈಸೆನ್ಸಿನ ಒಂದು ಸಹಿಗಾಗಿ ಮೂರು ಕಚೇರಿ ಅಲೆದವನಿಗೆ, ಮಾಲು ಕಳಿಸಿ ಆರು ತಿಂಗಳಾದರೂ ಬಾಕಿ ಬಾರದೆ ಬ್ಯಾಂಕಿನ ಬಡ್ಡಿ ಕಟ್ಟಿದವನಿಗೆ ಕೆಲವು ಸತ್ಯಗಳು ಗೊತ್ತಿರುತ್ತವೆ. ಅವು ಯಾವ ಪಠ್ಯಪುಸ್ತಕದಲ್ಲೂ ಸಿಗುವುದಿಲ್ಲ. ಪೀಣ್ಯದ ಒಂದು ಸಣ್ಣ ಶೆಡ್ಡಿನಲ್ಲಿ ಲೇತ್ ಯಂತ್ರ ಓಡಿಸುವವನು ವಿಧಾನಸಭೆಗೆ ಹೋದರೆ ಆ ಸಭೆಗೆ ಒಳ್ಳೆಯದೇ. ಇನ್ಫೋಸಿಸ್ ಕಟ್ಟಿದವರಲ್ಲಿ ಒಬ್ಬರಾದ ನಂದನ್ ನಿಲೇಕಣಿ 2009ರಲ್ಲಿ ಆಧಾರ್ ಪ್ರಾಧಿಕಾರದ ಹೊಣೆ ಹೊತ್ತು ಒಂದು ದೊಡ್ಡ ವ್ಯವಸ್ಥೆಯನ್ನು ನಿಲ್ಲಿಸಿದರು. 2014ರಲ್ಲಿ ಬೆಂಗಳೂರು ದಕ್ಷಿಣದಿಂದ ಲೋಕಸಭೆಗೆ ನಿಂತು ಸೋತರು. ಎರಡೂ ನಿಜ. ಬನ್ನಿ, ವ್ಯಾಪಾರಿಗಳೂ ಬನ್ನಿ! ನಾನು ವಿರೋಧಿಸುವುದು, ಬಾಗಿಲಲ್ಲಿ ನಿಂತು ‘ವ್ಯಾಪಾರ ಮಾಡಿದ್ದೀಯಾ?’ ಎಂದು ಕೇಳಿ ಉಳಿದವರನ್ನೆಲ್ಲ ಹಿಂದಕ್ಕೆ ಕಳಿಸುವ ಕಾವಲುಗಾರನನ್ನು ಮಾತ್ರ.

ಯಾಕೆಂದರೆ ಅಂಗಡಿಯ ಗಲ್ಲಾಪೆಟ್ಟಿಗೆಯ ಲೆಕ್ಕವೇ ಬೇರೆ, ಬೊಕ್ಕಸದ ಲೆಕ್ಕವೇ ಬೇರೆ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ವ್ಯಾಪಾರ ಕುಸಿದಾಗ ಅಂಗಡಿಯವನು ಹತ್ತು ಆಳುಗಳಲ್ಲಿ ಐವರನ್ನು ಬಿಡಿಸುತ್ತಾನೆ. ಆ ಐವರು ಅವನ ಖಾತೆಯಿಂದ ಹೊರಗೆ ಹೋದರು, ಅವನ ಖರ್ಚು ಇಳಿಯಿತು, ಅಂಗಡಿ ಉಳಿಯಿತು. ಆದರೆ ಆ ಐವರು ಎಲ್ಲಿಗೆ ಹೋದರು? ಊರಿನಲ್ಲೇ ಇದ್ದಾರೆ. ರೇಷನ್ ಸಾಲಿನಲ್ಲಿದ್ದಾರೆ, ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿದ್ದಾರೆ, ಮಗುವನ್ನು ಶಾಲೆ ಬಿಡಿಸುವ ಯೋಚನೆಯಲ್ಲಿದ್ದಾರೆ. ಸರ್ಕಾರ ಯಾರನ್ನೂ ತನ್ನ ಲೆಕ್ಕದಿಂದ ಹೊರಗೆ ಹಾಕಲಾರದು. ಕಂಪನಿ ಗಿರಾಕಿಯನ್ನು ಆರಿಸಿಕೊಳ್ಳುತ್ತದೆ. ಲಾಭವಿಲ್ಲದ ಊರಿನ ಶಾಖೆ ಮುಚ್ಚುತ್ತದೆ. ಲಾಭವಿಲ್ಲವೆಂದು ಸರ್ಕಾರ ಮಲೆನಾಡಿನ ಒಂಟಿ ಮನೆಗೆ ಕರೆಂಟು ಕೊಡದೆ ಇರಬಹುದೇ? ಹತ್ತೇ ಮಕ್ಕಳಿದ್ದಾರೆಂದು ಗಡಿಯಂಚಿನ ಶಾಲೆಯನ್ನು ಕಣ್ಣು ಮುಚ್ಚಿ ಮುಚ್ಚಬಹುದೇ?

ಇನ್ನೂ ಒಂದಿದೆ. ಮಳೆ ಕೈಕೊಟ್ಟ ವರ್ಷ ಪ್ರತಿಯೊಂದು ಮನೆಯೂ ಖರ್ಚು ಬಿಗಿ ಹಿಡಿಯುತ್ತದೆ, ಅದು ಜಾಣತನವೇ. ಆದರೆ ಎಲ್ಲ ಮನೆಗಳೂ ಒಟ್ಟಿಗೆ ಬಿಗಿ ಹಿಡಿದಾಗ ವಾರದ ಸಂತೆ ಬಿಕೋ ಎನ್ನುತ್ತದೆ. ದರ್ಜಿಗೆ ಹೊಲಿಗೆಯಿಲ್ಲ, ಗಾರೆಯವನಿಗೆ ಕೂಲಿಯಿಲ್ಲ, ಹೋಟೆಲಿನ ಬೆಂಚು ಖಾಲಿ. ಒಬ್ಬನ ಖರ್ಚೇ ಇನ್ನೊಬ್ಬನ ಸಂಪಾದನೆ. ಆಗ ಸರ್ಕಾರವೂ ಅಂಗಡಿಯವನಂತೆ ಕೈ ಬಿಗಿ ಹಿಡಿದರೆ ಊರೇ ಮಲಗುತ್ತದೆ. ಬರದ ಕಾಲದಲ್ಲಿ ಕೆರೆಯ ಹೂಳೆತ್ತಿಸುವ ಕೆಲಸ ಕೊಡುವುದು ಈ ಕಾರಣಕ್ಕೇ. ಹಾಗೆಂದು ಸಾಲಕ್ಕೆ ಲೆಕ್ಕವೇ ಬೇಡವೆಂದಲ್ಲ. 2002ರಲ್ಲೇ ಕರ್ನಾಟಕ ತನ್ನ ಸಾಲಕ್ಕೆ, ಕೊರತೆಗೆ ತಾನೇ ಕಡಿವಾಣ ಹಾಕಿಕೊಳ್ಳುವ ಕಾಯ್ದೆ ಮಾಡಿತು, ಬೇರೆ ರಾಜ್ಯಗಳಿಗಿಂತ ಮೊದಲು. ಯಾವಾಗ ಬಿಗಿ, ಯಾವಾಗ ಸಡಿಲ ಎಂದು ತಿಳಿಯುವುದೇ ಆಳುವವರ ಕಸುಬು.

ಹೊರಗಿನ ಸಾಕ್ಷಿ ಬೇಕೆನ್ನುವವರಿಗೆ ಎರಡು ಹೆಸರು ಸಾಕು. ಗಣಿ ವ್ಯವಹಾರದಲ್ಲಿ ಪ್ರಪಂಚ ಸುತ್ತಿ ಸಿರಿವಂತನಾದ ಹರ್ಬರ್ಟ್ ಹೂವರ್ 1929ರಲ್ಲಿ ಅಮೆರಿಕದ ಅಧ್ಯಕ್ಷರಾದರು. ಅದೇ ವರ್ಷ ಷೇರುಪೇಟೆ ಕುಸಿಯಿತು. ಆಮದು ಸುಂಕ ಏರಿಸಬೇಡಿ ಎಂದು ಸಾವಿರಕ್ಕೂ ಹೆಚ್ಚು ಅರ್ಥಶಾಸ್ತ್ರಜ್ಞರು ಮನವಿ ಮಾಡಿದರೂ 1930ರಲ್ಲಿ ಅವರು ಆ ಸುಂಕದ ಕಾಯ್ದೆಗೆ ಸಹಿ ಹಾಕಿದರು. ಇನ್ನೊಬ್ಬರು ಹ್ಯಾರಿ ಟ್ರೂಮನ್. ಅವರ ಬಟ್ಟೆ ಅಂಗಡಿ 1922ರಲ್ಲಿ ಮುಚ್ಚಿಹೋಯಿತು, ಸಾಲ ತೀರಿಸಲು ವರ್ಷಗಳೇ ಹಿಡಿದವು. ಯುದ್ಧದಲ್ಲಿ ಹಾಳಾದ ಯುರೋಪನ್ನು ಮತ್ತೆ ಎಬ್ಬಿಸಿದ ಮಾರ್ಷಲ್ ಯೋಜನೆಗೆ 1948ರಲ್ಲಿ ಸಹಿ ಹಾಕಿದ್ದು ಆ ಸೋತ ಅಂಗಡಿಯವರೇ. ಗೆದ್ದ ವ್ಯಾಪಾರವೂ ಪುರಾವೆಯಲ್ಲ, ಸೋತ ವ್ಯಾಪಾರವೂ ಪುರಾವೆಯಲ್ಲ.

ಮತ್ತೆ ನಮ್ಮ ನೆಲಕ್ಕೇ ಬರೋಣ, ಅಲ್ಲೊಂದು ಕೆಂಪು ಗಾಯವಿದೆ. ಬಳ್ಳಾರಿ. ಈ ಶತಮಾನದ ಮೊದಲ ದಶಕದಲ್ಲಿ ಚೀನಾ ಅದಿರಿಗಾಗಿ ಹಸಿದು ಕೂತಿತ್ತು. ಹೊಸಪೇಟೆ, ಸಂಡೂರಿನ ರಸ್ತೆಗಳಲ್ಲಿ ಲಾರಿಗಳ ಸಾಲು ಹಗಲು ರಾತ್ರಿ ಹರಿಯಿತು. ಮರದ ಎಲೆ ಕೆಂಪು, ಮನೆಯ ಮಾಡು ಕೆಂಪು, ಮಕ್ಕಳ ಅಂಗಿ ಕೆಂಪು. ಅದಿರು ಮಾರುವವರು ಚುನಾವಣೆಗೂ ನಿಂತರು, ಗೆದ್ದರು, ಅಧಿಕಾರದ ಒಳಮನೆಗೇ ಬಂದು ಕೂತರು. ವ್ಯಾಪಾರದ ಅನುಭವ ಅವರಿಗೆ ಕಡಿಮೆಯಿತ್ತೇ? ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ 2011ರ ವರದಿ ಅಕ್ರಮ ಗಣಿಗಾರಿಕೆಯಿಂದ ಬೊಕ್ಕಸಕ್ಕಾದ ನಷ್ಟವನ್ನು 16 ಸಾವಿರ ಕೋಟಿ ರೂಪಾಯಿಗೂ ಹೆಚ್ಚೆಂದು ಅಂದಾಜಿಸಿತು. ಅದೇ ವರ್ಷ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಆಗ ಕೆಲಸ ಕಳೆದುಕೊಂಡವರು ಲಾರಿ ಡ್ರೈವರು, ಕ್ಲೀನರು, ಗಣಿ ಕೂಲಿಗಳು.

ಇದು ಬಳ್ಳಾರಿಯ ಕಥೆ ಮಾತ್ರವೇ? ಕಬ್ಬಿನ ಬೆಲೆ, ತೂಕ, ಬಾಕಿ ಎಂದು ರೈತರು ರಸ್ತೆಗಿಳಿದಾಗ ಅವರ ಅಹವಾಲು ಕೇಳಬೇಕಾದವರಲ್ಲಿ ಎಷ್ಟು ಮಂದಿ ಸಕ್ಕರೆ ಕಾರ್ಖಾನೆಗಳ ಒಡೆಯರು? ಕಾಲೇಜು ಶುಲ್ಕದ ಮಾತು ಬಂದಾಗ ಸದನದಲ್ಲಿ ಕೂತವರಲ್ಲಿ ಎಷ್ಟು ಮಂದಿಗೆ ಸ್ವಂತ ಕಾಲೇಜುಗಳಿವೆ? ನಮ್ಮ ಶಾಸನಸಭೆಯಲ್ಲಿ ಕೋಟ್ಯಧಿಪತಿಗಳಿಗೆ ಬರವಿಲ್ಲ, ಅವರು ಚುನಾವಣಾ ಆಯೋಗಕ್ಕೆ ಕೊಟ್ಟ ಪ್ರಮಾಣಪತ್ರಗಳನ್ನು ಯಾರು ಬೇಕಾದರೂ ಓದಬಹುದು. ವ್ಯಾಪಾರ ಬಲ್ಲವರ ಕೊರತೆಯಿಂದ ನಾವು ಬಳಲುತ್ತಿದ್ದೇವೆ ಎಂದು ಹೇಳುವವರು ಆ ಪಟ್ಟಿಯನ್ನೊಮ್ಮೆ ತಿರುವಿ ಹಾಕಲಿ. ಬರವಿರುವುದು ಇನ್ನೊಂದು ಕಡೆಯ ಜನಕ್ಕೆ: ಕೂಲಿಯ ದರ, ಗೇಣಿಯ ಭಾರ, ಫೀಸಿನ ಗಡುವು ಬಲ್ಲವರಿಗೆ.

ಗೇಣಿ ಎಂದೆ. ದೇವರಾಜ ಅರಸು ಪದವಿ ಓದಿ, ಕಲ್ಲಹಳ್ಳಿಗೆ ಹಿಂತಿರುಗಿ ನೇಗಿಲು ಹಿಡಿದವರು. 1974ರಲ್ಲಿ ಅವರ ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದಾಗ ಗೇಣಿದಾರರು ತಾವು ಉಳುವ ನೆಲದ ಹಕ್ಕು ಕೇಳಿ, ನಮೂನೆ 7ರ ಅರ್ಜಿ ಹಿಡಿದು ಭೂನ್ಯಾಯಮಂಡಳಿಗಳ ಮುಂದೆ ಸಾಲು ನಿಂತರು. ಗದ್ದೆ ಯಾರದೋ, ಬೆವರು ಇನ್ಯಾರದೋ ಆಗಿದ್ದಾಗ ಅಲ್ಲಿ ಬಾವಿ ತೋಡಿಸುವವರು ಯಾರು, ಸಸಿ ನೆಡುವವರು ಯಾರು? ನೆಲ ತನ್ನದಾದಾಗ ಮನುಷ್ಯ ಅದರ ಮೇಲೆ ದುಡ್ಡು ಹಾಕುತ್ತಾನೆ. ದೊಡ್ಡ ಅರ್ಥಶಾಸ್ತ್ರವೇ ಇದು, ಮತ್ತು ಇದನ್ನು ಅರಿತವರು ಯಾವ ಕಂಪನಿಯ ಮಂಡಳಿಯಲ್ಲೂ ಕೂತವರಲ್ಲ. ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್ 1980ರ ದಶಕದಲ್ಲಿ ಮಂತ್ರಿಯಾಗಿ ಹಳ್ಳಿ ಹಳ್ಳಿಗೆ ಕೊಳವೆಬಾವಿ ಕೊರೆಸಿ ‘ನೀರ್ ಸಾಬ್’ ಅನ್ನಿಸಿಕೊಂಡರು. ಮೈಲು ನಡೆದು ನೀರು ಹೊರುವ ಹೆಂಗಸಿನ ಆ ಗಂಟೆಗಳಿಗೆ ಒಂದು ಬೆಲೆಯಿದೆ ಎಂದು ಅವರು ಕಂಡಿದ್ದರು. ಹಾಗೆಯೇ, ನೂರು ಕುರಿ ಎಣಿಸಲು ಬಾರದವನು ಬಜೆಟ್ ಏನು ಮಂಡಿಸುತ್ತಾನೆ ಎಂಬ ಕುಹಕ ತನ್ನ ಬಗ್ಗೆ ಬಂದಿತ್ತು ಎಂದು ಸಿದ್ದರಾಮಯ್ಯ ಆಗಾಗ ಹೇಳುತ್ತಾರೆ. 2025ರ ಮಾರ್ಚಿನಲ್ಲಿ ಅವರು ಮಂಡಿಸಿದ್ದು ಹದಿನಾರನೆಯ ಬಜೆಟ್. ಅವರ ಲೆಕ್ಕವನ್ನು ನೀವು ಒಪ್ಪಬಹುದು, ತರಾಟೆಗೆ ತೆಗೆದುಕೊಳ್ಳಬಹುದು. ಅದು ಬೇರೆ ಮಾತು. ಎಣಿಸಲು ಬರುವುದಿಲ್ಲ ಎನ್ನುವಂತಿಲ್ಲ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ.

ನಿಮಗೆ ಆರ್ಥಿಕತೆ ಗೊತ್ತಿಲ್ಲ ಎಂದು ಯಾರು ಹೇಳಿದರು? 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ ನಗರದವರು ಅಯ್ಯೋ ಎಂದರು. ಕೋಲಾರದ ಹುಡುಗಿಗೆ ಮಾತ್ರ, ಅದೇ ಹಣ್ಣನ್ನು ಬೆಲೆಯಿಲ್ಲದೆ ರಸ್ತೆ ಬದಿಗೆ ಸುರಿದ ದಿನಗಳೂ ನೆನಪಿದ್ದವು. ಬೆಲೆ ಏರಿದಾಗ ತಮ್ಮ ತೋಟದಲ್ಲಿ ಹಣ್ಣೇ ಇರುವುದಿಲ್ಲ, ಹಣ್ಣಿದ್ದಾಗ ಬೆಲೆ ಇರುವುದಿಲ್ಲ ಎಂಬುದು ಅವಳಿಗೆ ಗೊತ್ತು. ಹೊರದೇಶದ ಬೇಳೆ ಬಂದರಿಗೆ ಬಂದಿಳಿದರೆ ತನ್ನ ಮನೆಯ ತೊಗರಿಗೆ ಏನಾಗುತ್ತದೆಂದು ಕಲಬುರಗಿಯ ಹುಡುಗನಿಗೆ ಗೊತ್ತು. ನೂಲಿನ ದರ ಏರಿದ ವಾರ ಮಗ್ಗದ ಸದ್ದು ಹೇಗೆ ತಗ್ಗುತ್ತದೆಂದು ಇಳಕಲ್ಲಿನ ನೇಕಾರರ ಮಕ್ಕಳಿಗೆ ಗೊತ್ತು. ಬೆಂಗಳೂರಿನ ಸಿಗ್ನಲ್ಲುಗಳಲ್ಲಿ ಬೈಕಿನ ಮೇಲೆ ಊಟದ ಚೀಲ ಹೊತ್ತು ನಿಂತವನಿಗೆ ಪೆಟ್ರೋಲು, ಇನ್ಸೆಂಟಿವ್, ಇಎಂಐ ಈ ಮೂರರ ನಡುವಿನ ಲೆಕ್ಕ ಯಾವ ಪ್ರೊಫೆಸರಿಗಿಂತಲೂ ಚೆನ್ನಾಗಿ ಗೊತ್ತು. ನಿಮ್ಮಲ್ಲಿ ತಿಳಿವಳಿಕೆ ರಾಶಿ ಬಿದ್ದಿದೆ. ಅದು ಇನ್ನೂ ಕೊರಡಾಗಿಯೇ ಹರಾಜಾಗುತ್ತಿದೆ, ಬೇರೆಯವರ ಭಾಷಣಕ್ಕೆ, ಬೇರೆಯವರ ಪ್ರಣಾಳಿಕೆಗೆ. ಎಣ್ಣೆ ಇಳಿಸುವುದು ಯಾವಾಗ?

ಕಲಿಯುವುದು ಉಳಿದಿದೆ, ಅದನ್ನು ಮುಚ್ಚಿಡುವುದಿಲ್ಲ. ಕಷ್ಟ ಕಂಡಿದ್ದೇವೆ ಎಂಬುದಷ್ಟೇ ಆಡಳಿತಕ್ಕೆ ಅರ್ಹತೆಯಾಗದು. ವರಮಾನ ಎಲ್ಲಿಂದ ಬರುತ್ತದೆ, ಜಿಎಸ್‌ಟಿಯಲ್ಲಿ ರಾಜ್ಯದ ಪಾಲು ಎಷ್ಟು, ಹಣಕಾಸು ಆಯೋಗ ಯಾವ ಅಳತೆಗೋಲು ಹಿಡಿದು ಹಂಚುತ್ತದೆ, ಸಾಲ ತಂದ ಹಣ ಕಾಲುವೆಗೆ ಹೋಯಿತೋ ಸಂಬಳಕ್ಕೆ ಹೋಯಿತೋ, ಇದನ್ನೆಲ್ಲ ಕೂತು ಓದಬೇಕು. 2025-26ರ ಕರ್ನಾಟಕದ ಬಜೆಟ್ಟಿನ ಗಾತ್ರ 4 ಲಕ್ಷ ಕೋಟಿ ರೂಪಾಯಿ ದಾಟಿತು. ಬಜೆಟ್ಟಿನ ಪುಸ್ತಕಗಳು ಕನ್ನಡದಲ್ಲೇ ಸಿಗುತ್ತವೆ, ಬಿಟ್ಟಿ ಸಿಗುತ್ತವೆ. ಸ್ಪರ್ಧಾತ್ಮಕ ಪರೀಕ್ಷೆಗೆಂದು ನೀವು ಬಾಯಿಪಾಠ ಮಾಡುವ ಎಷ್ಟೋ ಸಂಗತಿಗಳಿಗಿಂತ ಅವು ರೋಚಕವಾಗಿವೆ, ನಂಬಿ.

ಮತ್ತು ಕಲಿಯುವ ಶಾಲೆಗಳನ್ನು ನಮ್ಮಿಂದ ಕಿತ್ತುಕೊಂಡಿದ್ದಾರೆ, ಅದಕ್ಕೆ ಸಿಟ್ಟಾಗಿ. ಕಾಲೇಜುಗಳಲ್ಲಿ ವಿದ್ಯಾರ್ಥಿ ಚುನಾವಣೆ ನಿಂತು ದಶಕಗಳಾದವು. ಬೆಂಗಳೂರು ಪಾಲಿಕೆಯ ಚುನಾಯಿತ ಸಭೆಯ ಅವಧಿ 2020ರಲ್ಲಿ ಮುಗಿಯಿತು, ಜಿಲ್ಲಾ ಮತ್ತು ತಾಲ್ಲೂಕು ಪಂಚಾಯ್ತಿಗಳದು 2021ರಲ್ಲಿ. ಆಮೇಲೆ ವರ್ಷಗಟ್ಟಲೆ ಅಲ್ಲಿ ಅಧಿಕಾರಿಗಳದೇ ಆಳ್ವಿಕೆ. ಮುಂದಿನ ಹಣಕಾಸು ಮಂತ್ರಿ ಕಲಿಯಬೇಕಾಗಿದ್ದು ಅಲ್ಲಿ. ಒಂದು ರಸ್ತೆ, ಎರಡು ಅಂಗನವಾಡಿ, ಇಷ್ಟೇ ದುಡ್ಡು, ಯಾವುದು ಮೊದಲು ಎಂದು ಮೂವತ್ತು ಜನರ ಮುಂದೆ ವಾದಿಸಿ ನಿರ್ಧರಿಸಬೇಕಾಗಿದ್ದು ಅಲ್ಲಿ. ಆ ಬಾಗಿಲು ಮುಚ್ಚಿಟ್ಟು, ‘ನಿಮಗೆ ಅನುಭವವಿಲ್ಲ’ ಎಂದು ನಿಮಗೇ ಹೇಳುವ ಈ ಧೈರ್ಯ ನೋಡಿ!

ಆದರೆ ಒಂದು ಬಾಗಿಲು ನಿಮ್ಮ ಊರಿನಲ್ಲೇ ಇದೆ. ಇಪ್ಪತ್ತೊಂದು ತುಂಬಿದರೆ ಗ್ರಾಮ ಪಂಚಾಯ್ತಿಗೆ ನೀವು ಸ್ಪರ್ಧಿಸಬಹುದು, ಅದರಲ್ಲಿ ಅರ್ಧದಷ್ಟು ಸ್ಥಾನ ಹೆಣ್ಣುಮಕ್ಕಳಿಗೇ ಮೀಸಲು. ಹದಿನೆಂಟು ತುಂಬಿ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಗ್ರಾಮಸಭೆಯಲ್ಲಿ ಎದ್ದು ಮಾತನಾಡಬಹುದು. ಐದಾರು ಜನ ಗೆಳೆಯರು ಸೇರಿ. ಒಬ್ಬಳು ಕ್ರಿಯಾಯೋಜನೆ ಓದಲಿ, ಒಬ್ಬ ತೆರಿಗೆ ವಸೂಲಿ ನೋಡಲಿ, ಒಬ್ಬ ಬಿಲ್ಲಿನಲ್ಲಿರುವ ಚರಂಡಿ ನೆಲದ ಮೇಲೂ ಇದೆಯೇ ಎಂದು ಟೇಪು ಹಿಡಿದು ಅಳೆದು ಬರಲಿ. ವರ್ಷಕ್ಕೊಮ್ಮೆ ಪಂಚಾಯ್ತಿ ತನ್ನ ಲೆಕ್ಕಪತ್ರಗಳನ್ನು ಜನರ ಮುಂದೆ ಹರಡಬೇಕು. ಅದಕ್ಕೆ ಜಮಾಬಂದಿ ಎನ್ನುತ್ತಾರೆ. ಎಷ್ಟೋ ಊರುಗಳಲ್ಲಿ ಅದು ಖಾಲಿ ಕುರ್ಚಿಗಳ ಮುಂದೆ ನಡೆದು ಮುಗಿಯುತ್ತದೆ.

ನಾಳೆ ಬೆಳಿಗ್ಗೆಯೇ ಪಂಚಾಯ್ತಿ ಕಚೇರಿಗೆ ಹೋಗಿ, ಈ ಸಲದ ಜಮಾಬಂದಿ ಯಾವತ್ತು ಎಂದು ಪಿಡಿಒ ಅವರನ್ನು ಕೇಳಿ. ಕಳೆದ ಸಲದ ವರದಿಯ ಪ್ರತಿಯನ್ನೂ ಕೇಳಿ. ‘ನೀವ್ಯಾರು? ನಿಮಗ್ಯಾಕೆ ಬೇಕು ಇದು?’ ಎಂದರೆ ತಡವರಿಸಬೇಡಿ, ‘ಇದೇ ಊರಿನವರು, ಸಾರ್’ ಎಂದು ಹೇಳಿ, ಕುರ್ಚಿ ಎಳೆದುಕೊಂಡು ಕೂತು, ಮೊದಲ ಪುಟ ತೆರೆಯಿರಿ.